ಕೈಮಾತು ತುಟ್ಟಿಯಾದ ಮನೆ

ಆಸ್ಪತ್ರೆಯ ಲಾಂಡ್ರಿಯಲ್ಲಿ ಅವಳಿಗೆ ಹರಟೆಮಲ್ಲಿ ಎಂದು ಹೆಸರಿಟ್ಟವಳು ಇಸ್ತ್ರಿ ಮೇಜಿನ ಹಿರಿಯಳು, ಎಲ್ಲರ ಬಾಯಲ್ಲೂ ಇಸ್ತ್ರಿ ಅಕ್ಕ. ಒಗೆಯುವ ಯಂತ್ರಗಳ ಸದ್ದಿನಲ್ಲಿ ಬೇರೆಯವರು ಗಂಟಲು ಹರಿದುಕೊಂಡು ಮಾತಾಡಿದರೆ ಮಲ್ಲಿ ಗಂಟಲಿನ ಜೊತೆಗೆ ಎರಡೂ ಕೈಗಳನ್ನು ಆಡಿಸುತ್ತಿದ್ದಳು. ಹೊದಿಕೆಯ ತುದಿ ಹಿಡಿದು ಮಡಚುವ ಹೊತ್ತಿನಲ್ಲಿ ಮಾತ್ರ ಕೈಗೆ ಬಿಡುವು. ಆಗ ಬಾಯಿಯೇ ಎರಡಾಳಿನ ಕೆಲಸ ಮಾಡುತ್ತಿತ್ತು. ವಾರ್ಡುಗಳಿಂದ ಬಂದ ಮೈಲಿಗೆಯ ರಾಶಿಯನ್ನು ಬೇರ್ಪಡಿಸುವುದು, ಯಂತ್ರಕ್ಕೆ ತುಂಬುವುದು, ಒದ್ದೆ ಬಟ್ಟೆಯನ್ನು ಎಳೆದು ಒಣಗಿಸುವ ಡ್ರಮ್ಮಿಗೆ ಹಾಕುವುದು ಅವಳ ಕೆಲಸ. ಮದುವೆಗೆ ಮೊದಲೇ ಸೇರಿದ್ದಳು, ಈಗ ಮಗಳು ಕಾಲೇಜಿಗೆ ಹೋಗುತ್ತಿದ್ದಳು.

ಕೈಮಾತು ಅವಳಿಗೆ ತವರಿನಿಂದ ಬಂದದ್ದು. ಅವಳ ಅಣ್ಣನಿಗೆ ಹುಟ್ಟಿನಿಂದ ಕಿವಿ ಕೇಳಿಸುತ್ತಿರಲಿಲ್ಲ. ನಡೆಯಲು ಕಲಿಯುವ ವಯಸ್ಸಿನಲ್ಲೇ ಅವಳು ಅವನ ಜೊತೆ ಕೈಯಲ್ಲಿ ಜಗಳವಾಡುತ್ತಿದ್ದಳಂತೆ. ಅಣ್ಣನ ಶಾಲೆಯ ಗೆಳೆಯನೊಬ್ಬ ಬಡಗಿ ಕೆಲಸ ಕಲಿತು ಕೈಗೆ ಬಂದ. ಅವನೂ ಕಿವಿ ಕೇಳಿಸದವನೇ. ಮನೆಗೆ ಬಂದು ಹೋಗಿ ಮಾಡುತ್ತಿದ್ದವನು ಒಂದು ದಿನ ಅವಳ ಗಂಡನೂ ಆದ.

ಮದುವೆಗೆ ಮುಂಚೆ ಬಡಗಿ ಅವಳಲ್ಲಿ ಒಂದೇ ಒಂದು ಮಾತು ಕೇಳಿಕೊಂಡಿದ್ದ. ನಾಲ್ಕು ಜನ ಸೇರಿ ನಗುತ್ತಾರೆ, ಏನು ಎಂದು ಅವನು ಕೇಳಿದರೆ 'ಆಮೇಲೆ ಹೇಳ್ತೀನಿ' ಎನ್ನುತ್ತಾರೆ. ಆ 'ಆಮೇಲೆ' ಅವನ ಜನ್ಮದಲ್ಲಿ ಬಂದದ್ದೇ ಇಲ್ಲ. ಹೆತ್ತ ತಾಯಿಯೂ ಹಾಗೆಯೇ ಮಾಡಿದ್ದಳು, ಒಡಹುಟ್ಟಿದ ಅಕ್ಕನೂ. ನೀನು ಮಾತ್ರ ಹಾಗೆ ಅನ್ನಬೇಡ ಎಂದಿದ್ದ. ಮಲ್ಲಿ ಆ ಮಾತು ಉಳಿಸಿಕೊಂಡಳು. ಟಿ.ವಿ.ಯ ಸುದ್ದಿ, ಬಸ್ಸಿನಲ್ಲಿ ಹಿಂದಿನ ಸೀಟಿನವರ ಜಗಳ, ಮೇಲಿನ ಮನೆಯವರ ಗಂಡ ಹೆಂಡತಿ ರಂಪ, ಎಲ್ಲವೂ ಬಿಸಿಬಿಸಿಯಾಗಿ ಅವನಿಗೆ ತಲುಪುತ್ತಿತ್ತು. ನೆಂಟರು ಅವನೆದುರೇ ಅವನನ್ನು ಮೊಂಡ ಎಂದರೆ ಅದನ್ನೂ ಬಿಡದೆ ಹೇಳುತ್ತಿದ್ದಳು. ಕೈಮಾತಿನಲ್ಲಿ ನೀನು, ನೀವು ಎಂಬ ಭೇದವಿಲ್ಲ. ಬೈದರೆ ನೇರವಾಗಿ ಎದೆಗೇ ಬೈದಂತೆ. ಜಗಳ ಬೇಡವಾದಾಗ ಅವನು ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದ, ಇವಳು ಹೋಗಿ ರೆಪ್ಪೆ ಎತ್ತಿ ಹಿಡಿದು ಉಳಿದ ಬೈಗುಳ ಮುಗಿಸುತ್ತಿದ್ದಳು. ಒಂದೇ ಕೈಯಲ್ಲಿ ರೆಪ್ಪೆ ಹಿಡಿದು ಇನ್ನೊಂದರಲ್ಲಿ ಬೈಯುವುದು ಕಷ್ಟ, ನಗು ಬಂದುಬಿಡುತ್ತದೆ, ಅಲ್ಲಿಗೆ ಜಗಳವೂ ಮುಗಿಯುತ್ತದೆ ಎಂದು ಇಸ್ತ್ರಿ ಅಕ್ಕನ ಹತ್ತಿರ ಹೇಳಿಕೊಳ್ಳುತ್ತಿದ್ದಳು.

ಮೊದಲು ಬಣ್ಣ ಬದಲಾದದ್ದು ಬೆರಳುಗಳದ್ದು. ಚಳಿಗಾಲದ ಒಂದು ಬೆಳಿಗ್ಗೆ ಒದ್ದೆ ಹೊದಿಕೆ ಎಳೆಯುತ್ತಿದ್ದಾಗ ಅವಳ ನಡುಬೆರಳು, ಉಂಗುರದ ಬೆರಳು ಮೇಣದಂತೆ ಬಿಳಿಚಿಕೊಂಡವು. ಆಮೇಲೆ ನೀಲಿಯಾದವು, ಆಮೇಲೆ ಕೆಂಪಗೆ ಕಾದು ಉರಿಯತೊಡಗಿದವು. ಇಸ್ತ್ರಿ ಅಕ್ಕ ತನ್ನ ಮೇಜಿನ ಬಿಸಿಯ ಬಳಿ ಆ ಕೈಗಳನ್ನು ಹಿಡಿದು ಕೂರಿಸಿದಳು. ತಣ್ಣೀರಿನಲ್ಲಿ ಕೆಲಸ ಮಾಡಿದರೆ ಹೀಗೇ, ತನಗೂ ಆಗುತ್ತಿತ್ತು ಎಂದಳು. ಇಬ್ಬರೂ ಅದನ್ನು ಅಲ್ಲಿಗೇ ಬಿಟ್ಟರು.

ಚಳಿ ಹೋದರೂ ಅದು ಹೋಗಲಿಲ್ಲ. ಬೆರಳುಗಳು ಊದಿಕೊಂಡವು. ಉಂಗುರ ಬಿಗಿದು ಕೂತಾಗ ಬಡಗಿ ಅವಳ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, ಉಂಗುರದ ಕೆಳಗೆ ತೆಳುವಾದ ಚರ್ಮದ ಚೂರು ತುರುಕಿ, ಸಣ್ಣ ಅರದಿಂದ ಅದನ್ನು ತೇಯ್ದು ಕತ್ತರಿಸಿದ. ಆಮೇಲೆ ಊತ ಇಳಿಯಿತು, ಆದರೆ ಚರ್ಮ ಗಟ್ಟಿಯಾಯಿತು. ಮೊಣಕೈವರೆಗೆ, ಕುತ್ತಿಗೆಯಲ್ಲಿ, ಹಣೆಯಲ್ಲಿ, ಬಾಯಿಯ ಸುತ್ತ. ಯಾರೋ ತನಗಿಂತ ಸಣ್ಣವಳ ರವಿಕೆಯನ್ನು ಇಡೀ ಮೈಗೆ ತೊಡಿಸಿ ಹೊಲಿದು ಹೋದಂತಿದೆ ಎಂದು ಅವಳಿಗೆ ಅನಿಸುತ್ತಿತ್ತು. ಮುಖದ ಸುಕ್ಕೆಲ್ಲ ಹೋಗಿ ನುಣುಪಾಗಿತ್ತು. ಲಾಂಡ್ರಿಯ ಹುಡುಗಿಯರು ಏನು ಹಚ್ಚುತ್ತೀ, ನಮಗೂ ಹೇಳು ಎಂದು ರೇಗಿಸುತ್ತಿದ್ದರು. ಅವಳು ನಗಲು ಹೋದರೆ ಬಾಯಿ ಸಾಕಷ್ಟು ಅಗಲವಾಗುತ್ತಿರಲಿಲ್ಲ.

ನೋವು ಒಂದೇ ಇದ್ದಿದ್ದರೆ ಒಗ್ಗಿಹೋಗುತ್ತಿತ್ತೇನೋ. ಬೆರಳ ತುದಿಗಳಲ್ಲಿ ಹುಣ್ಣು ಬಿದ್ದವು, ಸಣ್ಣವು, ಆದರೆ ಉಗುರಿನ ಸಂದಿಯಲ್ಲಿ ಮುಳ್ಳು ಮುರಿದು ಕೂತಂತೆ ಹಗಲೂ ರಾತ್ರಿ ಜುಮುಗುಟ್ಟುತ್ತಿದ್ದವು. ಬೆಳಿಗ್ಗೆ ಎದ್ದರೆ ಕೀಲುಗಳು ಮಡಚುತ್ತಿರಲಿಲ್ಲ. ಉಂಡದ್ದು ಎದೆಯಲ್ಲಿ ನಿಂತು ಉರಿಯುತ್ತಿತ್ತು. ಗುಂಡಿ ಹಾಕುವುದು, ಬೀಗ ತಿರುಗಿಸುವುದು, ಚಿಲ್ಲರೆ ಎತ್ತಿಕೊಳ್ಳುವುದು, ಒಂದೊಂದೂ ಒಂದೊಂದು ಬಗೆಯಾಗಿ ನೋಯಿಸುತ್ತಿತ್ತು. ಇವೆಲ್ಲದರ ಮೇಲೆ ದಣಿವು. ನಿದ್ದೆ ಮಾಡಿ ಎದ್ದರೂ ಇಳಿಯದ ದಣಿವು, ಕಲ್ಲು ಹೊತ್ತು ಮಲಗಿ ಕಲ್ಲು ಹೊತ್ತೇ ಎದ್ದಂತೆ.

ಆಸ್ಪತ್ರೆಯ ಹೊದಿಕೆಗಳನ್ನೆಲ್ಲ ಒಗೆಯುವವಳಿಗೆ ಅದೇ ಆಸ್ಪತ್ರೆಯ ಡಾಕ್ಟರ ಕೋಣೆಗೆ ಹೋಗಲು ಎಷ್ಟೋ ಕಾಲ ಹಿಡಿಯಿತು. ಒಬ್ಬರು ಚರ್ಮಕ್ಕೆ ಮುಲಾಮು ಕೊಟ್ಟರು, ಇನ್ನೊಬ್ಬರು ವಾತ ಎಂದರು. ಕೊನೆಗೆ ಕೀಲುರೋಗದ ಡಾಕ್ಟರಮ್ಮ ಅವಳ ಕೈಗಳನ್ನು ಬೆಳಕಿಗೆ ಹಿಡಿದು ಉಗುರಿನ ಬುಡಗಳನ್ನು ಬಹಳ ಹೊತ್ತು ನೋಡಿ, ರಕ್ತದ ಪರೀಕ್ಷೆ, ಉಸಿರಿನ ಪರೀಕ್ಷೆ, ಎದೆಯ ಸ್ಕ್ಯಾನ್ ಎಲ್ಲ ಮಾಡಿಸಿದರು. ಫಲಿತಾಂಶ ಬಂದ ದಿನ ಬಡಗಿಯೂ ಕೆಲಸ ಬಿಟ್ಟು ಜೊತೆಗೆ ಬಂದು ಕೂತಿದ್ದ. ಮಗಳಿಗೆ ಪರೀಕ್ಷೆಯಿತ್ತು, ಬಂದಿರಲಿಲ್ಲ.

ಹತ್ತರಲ್ಲಿ ಎಷ್ಟು ನೋವು ಎಂದು ಡಾಕ್ಟರಮ್ಮ ಮೊದಲು ಕೇಳಿದರು.

"ಯಾವ ನೋವಿಗೆ ಡಾಕ್ಟ್ರೇ?" ಎಂದಳು ಮಲ್ಲಿ.

ಒಂದೊಂದಾಗಿ ಹೇಳಿ ಎಂದು ಅವರು ಪೆನ್ನು ಕೆಳಗಿಟ್ಟರು. ಅವಳು ಶುರು ಮಾಡಿದಳು, ಎದೆಯುರಿಯ ತನಕ ಬಂದು ಸಾಕೆನಿಸಿ ನಿಲ್ಲಿಸಿದಳು. ಆಮೇಲೆ ಡಾಕ್ಟರಮ್ಮನೇ ಮಾತಾಡಿದರು. ಕಾಯಿಲೆಯ ಹೆಸರು ಸಿಸ್ಟೆಮಿಕ್ ಸ್ಕ್ಲೆರೋಸಿಸ್. ಮೈ ತನ್ನ ಮೇಲೆ ತಾನೇ ತಿರುಗಿಬಿದ್ದು ಚರ್ಮವನ್ನೂ ರಕ್ತನಾಳಗಳನ್ನೂ ಬಿಗಿಯಾಗಿಸುತ್ತದೆ. ಬುಡದಿಂದ ಕಿತ್ತು ಹಾಕುವ ಔಷಧಿ ಇಲ್ಲ, ಹಿಡಿತದಲ್ಲಿ ಇಡಬಹುದು. ಅವಳ ಶ್ವಾಸಕೋಶದ ಬುಡದಲ್ಲಿ ಅದರ ಗುರುತು ಕಾಣಿಸಿದೆ, ಅದನ್ನು ಕಣ್ಣಿಟ್ಟು ಕಾಯಬೇಕು. ಎಲ್ಲರಿಗೂ ಅದು ಕೆಟ್ಟದಕ್ಕೆ ಹೋಗುವುದಿಲ್ಲ, ಯಾರಿಗೆ ಹೋಗುತ್ತದೆ ಎಂದು ಈಗಲೇ ಹೇಳಲಾಗದು. ತಣ್ಣೀರು ಮುಟ್ಟಬಾರದು.

ಪಕ್ಕದಲ್ಲಿ ಕೂತ ಗಂಡ ಡಾಕ್ಟರಮ್ಮನ ಬಾಯಿಯಿಂದ ಹೆಂಡತಿಯ ಕೈಗೆ, ಕೈಯಿಂದ ಬಾಯಿಗೆ ಕಣ್ಣು ಹೊರಳಿಸುತ್ತ ಕಾಯುತ್ತಿದ್ದ. ತನ್ನ ಕಾಯಿಲೆಯನ್ನು ಅವನಿಗೆ ತಾನೇ ಅನುವಾದ ಮಾಡಬೇಕಿತ್ತು, ಅದೂ ಕಾಯಿಲೆ ಹಿಡಿದ ಕೈಗಳಿಂದ. ಮಲ್ಲಿ ಕೈ ಎತ್ತಿದಳು. ಚರ್ಮ ಒಣಗುವ ಕಾಯಿಲೆ, ಮಾತ್ರೆ ಕೊಡ್ತಾರೆ, ನಿಧಾನಕ್ಕೆ ಕಡಿಮೆ ಆಗುತ್ತೆ ಎಂದಳು. ಅಷ್ಟಕ್ಕೇ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು.

ಬಡಗಿ ಅವಳನ್ನು ನೋಡಿದ. ಆಮೇಲೆ ಡಾಕ್ಟರಮ್ಮನ ಬಾಯಿಯನ್ನು ಇನ್ನೊಮ್ಮೆ ನೋಡಿದ.

ಅಂದಿನಿಂದ ಮನೆಯಲ್ಲಿ ಕೈಮಾತು ತುಟ್ಟಿಯಾಯಿತು. ಮಲ್ಲಿ ಅಳೆದು ಸುರಿದು ಮಾತಾಡತೊಡಗಿದಳು. ದೊಡ್ಡ ಕಥೆಗಳು ಹೋದವು, ಬಸ್ಸಿನ ಜಗಳ ಹೋಯಿತು. ಬೇಕು, ಬೇಡ, ಬಂತು, ಹೋಯಿತು ಎಂಬಷ್ಟು ಉಳಿಯಿತು. ಅದರ ಮೇಲೆ ಮುಖವೂ ಕೈಕೊಟ್ಟಿತು. ಕೈಮಾತಿನಲ್ಲಿ ಅರ್ಧ ಮಾತು ಮುಖದ್ದು. ಹುಬ್ಬು ಎತ್ತಿದರೆ ಪ್ರಶ್ನೆ, ಎತ್ತದಿದ್ದರೆ ಉತ್ತರ. ಅವಳ ಹಣೆ ಬಿಗಿದು ಹುಬ್ಬು ಮೇಲೇಳುತ್ತಿರಲಿಲ್ಲ. 'ಊಟ ಆಯ್ತಾ' ಎಂದು ಅವಳು ಕೇಳಿದರೆ ಅವನ ಕಣ್ಣಿಗೆ 'ಊಟ ಆಯ್ತು' ಎಂದು ಬೀಳುತ್ತಿತ್ತು. ಅವನು ಒಬ್ಬನೇ ಬಡಿಸಿಕೊಂಡು ಉಣ್ಣುತ್ತಿದ್ದ. ಕಾಯದೆ ಉಂಡನಲ್ಲ ಎಂದು ಇವಳಿಗೆ ಬೇಸರ, ಬಿಟ್ಟು ಉಂಡಳಲ್ಲ ಎಂದು ಅವನಿಗೆ.

ನೋವಿನ ವಿಷಯ ಅವನಿಗೆ ಬಿಡಿಸಿ ಹೇಳಿದ್ದರೆ ಆಗುತ್ತಿತ್ತು. ಹಾಗೆಂದು ಇಸ್ತ್ರಿ ಅಕ್ಕನೂ ಹೇಳಿದಳು. ಮಲ್ಲಿಗೆ ಒಂದೇ ಹೆದರಿಕೆ. ಒಂದೊಂದು ಮಾತಿಗೂ ಕೈ ನೋಯುತ್ತದೆಂದು ಗೊತ್ತಾದರೆ ಆ ಮನುಷ್ಯ ತನ್ನನ್ನು ಮಾತಾಡಿಸುವುದನ್ನೇ ಬಿಡುತ್ತಾನೆ. ಬಾಗಿಲು ಎಳೆದರೆ ಕಿರುಗುಟ್ಟುತ್ತದೆಂದು ಬಾಗಿಲನ್ನೇ ತೆರೆಯದವನ ಹಾಗೆ. ಅವನ ಸ್ವಭಾವ ಅವಳಿಗೆ ಗೊತ್ತಿತ್ತು.

ಗಂಡನ ಅಕ್ಕ ಹೊಸ ಮನೆಗೆ ಹೋದವಳು ಒಂದು ಭಾನುವಾರ ಎಲ್ಲರನ್ನೂ ಊಟಕ್ಕೆ ಕರೆದಳು. ಉಂಡು ಕೂತಾಗ ಹಳೆಯ ಮಾತು ಬಂತು. ಆ ಅಕ್ಕ ಒಂದು ಕಥೆ ಹೇಳಿದಳು. ಬಡಗಿ ಚಿಕ್ಕವನಿದ್ದಾಗ ಸುತ್ತಿಗೆ ಸಿಕ್ಕ ಖುಷಿಯಲ್ಲಿ ಮನೆಯ ಬೀರುವಿನ ಬಾಗಿಲಿಗೆ ಮೊಳೆ ಹೊಡೆದುಬಿಟ್ಟಿದ್ದನಂತೆ, ಮನೆಯ ಬೀಗದ ಕೈಯೆಲ್ಲ ಒಳಗೆ. ಆವತ್ತಿನಿಂದಲೇ ಅಪ್ಪ ಇವನು ಬಡಗಿಯೇ ಆಗುತ್ತಾನೆ ಎಂದಿದ್ದರಂತೆ. ಎಲ್ಲರೂ ಅವನ ಕಡೆಗೇ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವನು ಮಲ್ಲಿಯತ್ತ ತಿರುಗಿ ಏನೆಂದು ಕೇಳಿದ. ಬೆಳಿಗ್ಗೆ ತಾನೇ ತೋರುಬೆರಳಿನ ಹುಣ್ಣು ಒಡೆದಿತ್ತು. ಸುತ್ತಿಗೆ, ಬೀರು, ಮೊಳೆ, ಬೀಗದ ಕೈ, ಎಲ್ಲಕ್ಕೂ ಬೆರಳು ಬೇಕು. ಮಲ್ಲಿ ಅಂಗೈಯನ್ನು ಸ್ವಲ್ಪವೇ ಆಡಿಸಿದಳು.

'ಆಮೇಲೆ.'

ಅವನು ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟ. ಅವಳು ಹಿಂದೆ ಓಡಿದಳು, ಓಡಿದರೆ ಈಗ ಉಸಿರು ಕಟ್ಟುತ್ತಿತ್ತು. ಕೂಗಿ ನಿಲ್ಲಿಸುವಂತೆಯೂ ಇರಲಿಲ್ಲ. ಬೀದಿಯುದ್ದಕ್ಕೂ ಅವನ ಬೆನ್ನನ್ನೇ ನೋಡುತ್ತ ನಡೆದಳು.

ಮನೆಗೆ ಬಂದ ಮೇಲೆ ಅವನು ತಿರುಗಿ ನಿಂತ. ಅವನ ಕೈಗಳು ದೊಡ್ಡವು, ಸಿಟ್ಟು ಬಂದಾಗ ಗಾಳಿಯನ್ನೇ ಹೊಡೆದಂತೆ ಮಾತಾಡುತ್ತಿದ್ದವು.

"ಡಾಕ್ಟರು ಅಷ್ಟು ಹೊತ್ತು ಮಾತಾಡಿದ್ರು. ನೀನು ಹೇಳಿದ್ದು ಇಷ್ಟೇ. ಅದೂ ಆಮೇಲೇನಾ?"

ಅವಳ ಬಿಗಿದ ಮುಖದಲ್ಲಿ ಅವನಿಗೆ ಏನೂ ಓದಲಾಗಲಿಲ್ಲ. ನನ್ನ ಮೇಲೆ ಸಿಟ್ಟಾ, ನಾನು ಸಾಕಾಗಿದ್ದೀನಾ ಎಂದು ಕೇಳಿದ. ಅವಳು ಬೆರಳಿನ ಬಟ್ಟೆ ಬಿಚ್ಚಿ ತೋರಿಸಿದಳು. ಒಂದೊಂದು ಮಾತಾಡಿದರೂ ನೋಯುತ್ತೆ, ತುಂಬಾ ದಿನದಿಂದ ನೋಯುತ್ತಿದೆ ಎಂದಳು. ಬಡಗಿ ಆ ಹುಣ್ಣುಗಳನ್ನು ಹತ್ತಿರದಿಂದ ನೋಡಿದ. ಆಮೇಲೆ ತನ್ನ ಎರಡು ಕೈಗಳನ್ನೂ ಜೇಬಿಗೆ ಹಾಕಿಕೊಂಡ.

ಅವಳು ಹೆದರಿದ್ದೇ ಆಯಿತು. ಅವನು ಏನನ್ನೂ ಕೇಳುವುದನ್ನು ಬಿಟ್ಟ. ಬೆಳಿಗ್ಗೆ ಅವಳಿಗಿಂತ ಮೊದಲು ಎದ್ದು ನೀರು ಕಾಯಿಸಿಡುತ್ತಿದ್ದ, ತರಕಾರಿ ಹೆಚ್ಚುತ್ತಿದ್ದ, ಅವಳ ಚಪ್ಪಲಿಯ ಬಕಲ್ ಹಾಕುತ್ತಿದ್ದ. ಎಲ್ಲವನ್ನೂ ಮಾಡುತ್ತಿದ್ದ, ಮಾತು ಮಾತ್ರ ಇಲ್ಲ. ಪ್ರಶ್ನೆಗಳೆಲ್ಲ ಮಗಳ ಪಾಲಿಗೆ ಬಂದವು. ಅಮ್ಮ ಮಾತ್ರೆ ತಗೊಂಡ್ಳಾ ಕೇಳು, ಅಪ್ಪನಿಗೆ ಹಾಲು ತರೋಕೆ ಹೇಳು. ನಾನು ನಿಮ್ಮಿಬ್ಬರ ನಡುವೆ ಪೋಸ್ಟ್‌ಮ್ಯಾನ್ ಆಗಿದ್ದೀನಿ, ನಂಗೂ ಓದೋದಿದೆ ಎಂದು ಅವಳು ಗೊಣಗುತ್ತಿದ್ದಳು. ಕೊನೆಗೆ ಅವಳೇ ಉಪಾಯ ಹೂಡಿದಳು. ಬಾಯಲ್ಲಿ ಹೇಳಿದ್ದನ್ನು ಅಕ್ಷರ ಮಾಡಿ ತೋರಿಸುವ ವ್ಯವಸ್ಥೆ ಮೊಬೈಲಿನಲ್ಲಿತ್ತು. ಅಮ್ಮ ಹೇಳಲಿ, ಅಪ್ಪ ಓದಲಿ. ಆದರೆ ಮಲ್ಲಿಯ ಬಾಯಿ ಬಿಗಿದು ಮಾತು ಅರ್ಧ ಹಲ್ಲಿನೊಳಗೇ ಉಳಿಯುತ್ತಿತ್ತು. ಬೆನ್ನು ನೋಯ್ತಿದೆ ಎಂದರೆ ಮೊಬೈಲು 'ಬೆಣ್ಣೆ ನೋಯ್ತಿದೆ' ಎಂದು ಬರೆಯಿತು. ಬಡಗಿ ಅದನ್ನು ನಿಧಾನಕ್ಕೆ ಓದಿ, ಅಡುಗೆಮನೆಗೆ ಹೋಗಿ, ಬೆಣ್ಣೆಯ ಡಬ್ಬಿ ತಂದು ಅದರ ಮೈ ಸವರಿ ವಾಪಸ್ ಇಟ್ಟ. ಮಗಳು ಬಿದ್ದುಬಿದ್ದು ನಕ್ಕಳು. ಮಲ್ಲಿಗೂ ನಗು ಬಂತು. ಆದರೂ ಅವನಿಗೆ ಆ ಅಕ್ಷರಗಳು ಒಗ್ಗಲಿಲ್ಲ. ಅದು ಅಂಗಡಿಯವರ ಜೊತೆ ಆಡುವ ಮಾತು, ಮನೆಯದ್ದಲ್ಲ ಎಂದು ಮಗಳಿಗೆ ಹೇಳಿದನಂತೆ.

ಹೀಗೆ ಒಂದು ಚಳಿಗಾಲ ಕಳೆಯಿತು. ಮಲ್ಲಿ ಕೆಲಸದಿಂದ ಬಂದು ಗೋಡೆಗೊರಗಿ ಕೂರುತ್ತಿದ್ದಳು. ಎದುರಿಗೆ ಅವನು. ಮೊದಲು ಮಾತಾಡಿ ಕೈ ನೋಯುತ್ತಿತ್ತು. ಈಗ ಸುಮ್ಮನೆ ಮಡಿಲಲ್ಲಿ ಬಿದ್ದಿದ್ದರೂ ನೋಯುತ್ತಿತ್ತು, ಮಾತು ಉಳಿಸಿದ್ದಕ್ಕೆ ನೋವೇನೂ ಉಳಿತಾಯವಾಗಲಿಲ್ಲ.

ಒಂದು ಮಧ್ಯಾಹ್ನ ಅವಳು ಬೆಚ್ಚಗಿನ ನೀರಿನಲ್ಲಿ ಬಹಳ ಹೊತ್ತು ಕೈ ಅದ್ದಿಕೊಂಡು ಕೂತಳು. ಹಾಗೆ ಮಾಡಿದರೆ ಸ್ವಲ್ಪ ಹೊತ್ತು ಬೆರಳುಗಳು ಮಾತು ಕೇಳುತ್ತಿದ್ದವು. ಕೈ ಒರೆಸಿ, ಟವೆಲ್ ಸುತ್ತಿಕೊಂಡು, ಮನೆಯ ಹಿಂದಿನ ತಗಡಿನ ಚಪ್ಪರಕ್ಕೆ ಹೋದಳು. ಬಡಗಿ ಒಂದು ಕಿಟಕಿಯ ಚೌಕಟ್ಟಿಗೆ ಉಳಿ ಹಿಡಿದು ಕೂತಿದ್ದ. ಅವಳು ನೆಲವನ್ನು ಕಾಲಿನಿಂದ ಒದ್ದಳು. ಅದುರು ತಾಗಿ ಅವನು ತಲೆಯೆತ್ತಿದ.

ಕೂತ್ಕೋ, ಹೇಳೋದಿದೆ ಎಂದಳು. ಬೇಡ, ನೋಯುತ್ತೆ ಎಂದ ಅವನು.

"ಮಾತಾಡಿದ್ರೂ ನೋಯುತ್ತೆ, ಸುಮ್ಮನಿದ್ರೂ ನೋಯುತ್ತೆ. ಸುಮ್ಮನಿದ್ದು ಸಾಕಾಗಿದೆ ನಂಗೆ."

ಅವನು ಉಳಿ ಕೆಳಗಿಟ್ಟ.

ಅವಳು ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಹೇಳಿದಳು. ಕಾಯಿಲೆಯ ಉದ್ದನೆಯ ಹೆಸರನ್ನು ಬಿಟ್ಟಳು, ಬೇರೇನನ್ನೂ ಬಿಡಲಿಲ್ಲ. ಮೈ ತನ್ನ ಮೇಲೆ ತಾನೇ ತಿರುಗಿಬಿದ್ದದ್ದು, ಔಷಧಿ ಹಿಡಿತಕ್ಕಷ್ಟೇ ಎಂಬುದು, ಶ್ವಾಸಕೋಶದ ಬುಡದಲ್ಲಿ ಕಂಡದ್ದು. ನಡುನಡುವೆ ಬೆರಳು ಬಿಳಿಚಿಕೊಂಡಾಗ ನಿಲ್ಲಿಸಿ ಕೈಗಳನ್ನು ಕಂಕುಳಲ್ಲಿ ಒತ್ತಿಕೊಂಡು ಕೂರುತ್ತಿದ್ದಳು. ಅವನು ಅವಸರ ಮಾಡಲಿಲ್ಲ. ಬಣ್ಣ ತಿರುಗಿದ ಮೇಲೆ ಮತ್ತೆ ಶುರು ಮಾಡುತ್ತಿದ್ದಳು.

"ಸಾಯ್ತೀಯಾ?" ಎಂದು ಕೇಳಿದ. ಕೈಮಾತಿನಲ್ಲಿ ಅದನ್ನು ಸುತ್ತಿ ಬಳಸಿ ಕೇಳುವ ದಾರಿ ಅವನಿಗೆ ಗೊತ್ತಿರಲಿಲ್ಲ.

"ಗೊತ್ತಿಲ್ಲ. ಡಾಕ್ಟ್ರಿಗೂ ಗೊತ್ತಿಲ್ಲ. ಎಲ್ಲರಿಗೂ ಹಾಗಾಗಲ್ಲವಂತೆ."

ಅವನು ಅವಳ ಮೊಣಕೈಯ ಮೇಲೆ, ಇನ್ನೂ ಮೆತ್ತಗಿದ್ದ ಜಾಗ ಹುಡುಕಿ, ಕೈಯಿಟ್ಟುಕೊಂಡು ಕೂತ. ಮರದ ಪುಡಿಯ ಮೇಲೆ ತಗಡಿನ ತೂತಿನ ಬಿಸಿಲು ಜರುಗುತ್ತಿತ್ತು. ಇಷ್ಟು ಸಾಕು, ಒಳಗೆ ಹೋಗಿ ಮಲಗು ಎಂದ. ಇನ್ನೊಂದು ಬಾಕಿಯಿದೆ ಎಂದು ಅವಳು ತಲೆಯಾಡಿಸಿದಳು. ಅಕ್ಕನ ಮನೆಯಲ್ಲಿ ಎಲ್ಲರೂ ನಕ್ಕದ್ದು ಯಾಕೆಂದು ಹೇಳಿದಳು. ಸುತ್ತಿಗೆಯಿಂದ ಶುರು ಮಾಡಿ ಬೀಗದ ಕೈವರೆಗೆ, ಒಂದೊಂದೇ.

ಬಡಗಿ ಕೊನೆಯವರೆಗೂ ನೋಡಿದ. ಹುಬ್ಬು ಗಂಟಿಕ್ಕಿದ.

"ಮೊಳೆ ಹೊಡೆದದ್ದು ನಾನಲ್ಲ. ಅಕ್ಕ. ಆವತ್ತು ಅಪ್ಪ ನಂಗೆ ಯಾಕೆ ಹೊಡೆದ್ರು ಅಂತ ಇವತ್ತಿನವರೆಗೂ ಗೊತ್ತಿರಲಿಲ್ಲ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮೊದಲು ನಕ್ಕವನು ಅವನೇ. ಆಮೇಲೆ ಅವನ ಕಣ್ಣಲ್ಲಿ ನೀರು ಬಂತು, ಅದು ಯಾವುದರದ್ದೆಂದು ಅವಳು ಕೇಳಲಿಲ್ಲ. ಅವಳ ಕೈಯಲ್ಲಿ ಆ ಪ್ರಶ್ನೆಗೆ ಬೇಕಾದ ತ್ರಾಣ ಉಳಿದಿರಲಿಲ್ಲ. ಆ ಸಂಜೆಯೂ ಮರುದಿನವೂ ಅವಳು ಲೋಟ ಕೂಡ ಹಿಡಿಯಲಾರದೆ ಮಲಗಿದಳು. ಮಗಳು ಊಟ ಮಾಡಿಸಿದಳು. ಅಪ್ಪ ಎಲ್ಲ ಹೇಳಿದನೆಂದೂ, ತನಗೆ ಮೊದಲೇ ಯಾಕೆ ಹೇಳಲಿಲ್ಲವೆಂದೂ ಬೈದಳು. ಬೈಸಿಕೊಳ್ಳುವುದೂ ಒಂದು ವಿಶ್ರಾಂತಿಯಂತೆ ಇತ್ತು.

ಕಾಯಿಲೆ ಹೋಗಲಿಲ್ಲ. ಇಸ್ತ್ರಿ ಅಕ್ಕ ಮೇಲಿನವರ ಹತ್ತಿರ ಜಗಳವಾಡಿ ಮಲ್ಲಿಯನ್ನು ನೀರಿನ ಕೆಲಸದಿಂದ ಬಿಡಿಸಿ, ಮಡಚಿದ ಬಟ್ಟೆಯನ್ನು ವಾರ್ಡುಗಳಿಗೆ ಕೊಡುವ ಕಿಟಕಿಯಲ್ಲಿ ಕೂರಿಸಿದಳು. ಮಾತ್ರೆಗಳಿಂದ ಹುಣ್ಣು ಬೀಳುವುದು ಕಡಿಮೆಯಾಯಿತು, ನಿಲ್ಲಲಿಲ್ಲ. ಎಡಗೈಯ ಎರಡು ಬೆರಳು ಕೊಕ್ಕೆಯಂತೆ ಬಾಗಿ ಹಾಗೇ ಉಳಿದವು. ಉಸಿರಿನ ಪರೀಕ್ಷೆ ಸದ್ಯಕ್ಕೆ ಮೊದಲಿನಷ್ಟೇ ಇದೆ. ಸದ್ಯಕ್ಕೆ ಎಂಬ ಮಾತನ್ನು ಡಾಕ್ಟರಮ್ಮ ಪ್ರತಿ ಸಲವೂ ಸೇರಿಸುತ್ತಾರೆ, ಮಲ್ಲಿ ಅದನ್ನೂ ಸೇರಿಸಿಯೇ ಗಂಡನಿಗೆ ದಾಟಿಸುತ್ತಾಳೆ. ಅವನ ಅಕ್ಕ ಮಾತ್ರ ಮೊಳೆಯ ವಿಷಯದಲ್ಲಿ ಈವರೆಗೂ ತಪ್ಪೊಪ್ಪಿಕೊಂಡಿಲ್ಲ.

ಅವರ ಮಾತಿಗೆ ಈಗ ಒಂದು ಹೊತ್ತಿದೆ, ಬಿಸಿನೀರಿನ ಬೋಗುಣಿ ಪಕ್ಕಕ್ಕೆ ಸರಿಸಿದ ಮೇಲೆ. ಹುಬ್ಬಿನ ಕೆಲಸವನ್ನು ಅವಳು ಗದ್ದಕ್ಕೆ ಒಪ್ಪಿಸಿದ್ದಾಳೆ. ಗದ್ದ ಮುಂದೆ ಚಾಚಿದರೆ ಪ್ರಶ್ನೆ ಎಂದು ಮನೆಯಲ್ಲಿ ಗೊತ್ತು. ಬಾಗಿದ ಬೆರಳುಗಳ ಮಾತು ಹೊರಗಿನವರಿಗೆ ತೊದಲಿನಂತೆ ಕಾಣುತ್ತದೆ, ಅಣ್ಣ ಬಂದಾಗ ಎರಡೆರಡು ಸಲ ಕೇಳುತ್ತಾನೆ. ಬಡಗಿ ಕೇಳುವುದಿಲ್ಲ. ಕೆಲವು ದಿನ ಅವಳಿಗೆ ಹೇಳಲೂ ಆಗುವುದಿಲ್ಲ, ಕೇಳಲೂ ಆಗುವುದಿಲ್ಲ. ಆಗ ಅವನಿಗೆ ಬೆನ್ನು ಹಾಕಿ ಮಲಗುತ್ತಾಳೆ, ಅವನೂ ಅದನ್ನು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ, ಅಥವಾ ಹಚ್ಚಿಕೊಂಡರೂ ತೋರಿಸುವುದಿಲ್ಲ.

ಮೊನ್ನೆ ಸಂಜೆ ಅವಳು ಕೆಲಸದಿಂದ ಬಂದು ಕುರ್ಚಿಯಲ್ಲಿ ಕುಸಿದು ಕೂತಿದ್ದಳು. ಅವನು ಎದುರಿಗೆ ಸ್ಟೂಲು ಎಳೆದುಕೊಂಡು, ಮೇಜು ಮಾಡಿಸಿಕೊಂಡ ಗಿರಾಕಿಯೊಬ್ಬನ ಕಥೆ ಶುರು ಮಾಡಿದ. ಆ ಮನುಷ್ಯ ದೊಡ್ಡದು ಬೇಕು, ಇನ್ನೂ ದೊಡ್ಡದು ಬೇಕು ಎಂದು ಹಟ ಹಿಡಿದು ಮಾಡಿಸಿಕೊಂಡಿದ್ದ, ಈಗ ಅದು ಅವನ ಮನೆಯ ಬಾಗಿಲಲ್ಲಿ ಹಿಡಿಸದೆ ಬೀದಿಯಲ್ಲಿ ನಿಂತಿದೆ. ಮೇಜು ಎಷ್ಟು ದೊಡ್ಡದೆಂದು ತೋರಿಸಲು ಅವನು ಎರಡೂ ತೋಳು ಚಾಚಿದಾಗ ಗೋಡೆಯ ಗಡಿಯಾರಕ್ಕೆ ಕೈ ಬಡಿದು ಅದು ಸೊಟ್ಟಗಾಯಿತು. ಮಲ್ಲಿಯ ಕಣ್ಣು ನಿದ್ದೆಗೆ ಎಳೆಯುತ್ತಿತ್ತು, ಎದೆ ಉರಿಯುತ್ತಿತ್ತು, ಕೈಗಳನ್ನು ಶಾಲಿನೊಳಗಿಂದ ತೆಗೆಯುವ ಮನಸ್ಸಿರಲಿಲ್ಲ. ಅವನು ಅವಳ ದಣಿವು ನೋಡಿ ನಡುವೆ ನಿಲ್ಲಿಸಿದ. ಅವಳು ಗದ್ದ ಮುಂದೆ ಚಾಚಿದಳು. ಅವನು ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ಕಥೆ ಮುಂದುವರಿಸಿದ.